ಓದುವಾಗ ಎಲ್ಲ ಅರ್ಥವಾಗುತ್ತದೆ, ಪುಸ್ತಕ ಮುಚ್ಚಿದ ಮೇಲೆ ಏನೂ ಉಳಿಯುವುದಿಲ್ಲ, ಯಾಕೆ?

ಪ್ರಶ್ನೆ: ಸರ್, ನಾನು ಬಿ.ಕಾಂ. ಓದಿದವನು. ಹಾವೇರಿ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ವರ್ಷದಿಂದ ನಕ್ಷತ್ರ, ಗೆಲಾಕ್ಸಿ, ವಿಶ್ವದ ಹುಟ್ಟು ಇಂಥ ವಿಷಯಗಳ ಪುಸ್ತಕ ಓದುವ ಹುಚ್ಚು ಹಿಡಿದಿದೆ. ಕನ್ನಡದಲ್ಲಿ ಸಿಕ್ಕಿದ್ದು, ಇಂಗ್ಲಿಷಿನಲ್ಲಿ ಅರ್ಥವಾದಷ್ಟು, ಎರಡೂ ಓದುತ್ತೇನೆ. ಓದುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಆಮೇಲೆ ಒಂಬತ್ತನೇ ಕ್ಲಾಸಿನ ಮಗಳಿಗೆ ಹೇಳಲು ಹೋದರೆ ನಾಲ್ಕು ಮಾತು ಬರುವುದಿಲ್ಲ. ಇನ್ನೊಂದು ತಲೆಬಿಸಿ ಅಂದರೆ ಪುಸ್ತಕಗಳು ಒಂದಕ್ಕೊಂದು ಹೊಂದುವುದಿಲ್ಲ. ಆರ್ದ್ರಾ ನಕ್ಷತ್ರ ಒಂದರಲ್ಲಿ 430 ಜ್ಯೋತಿರ್ವರ್ಷ ದೂರ, ಇನ್ನೊಂದರಲ್ಲಿ 640 (ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ). ವಿಶ್ವದ ವಯಸ್ಸು ಹಳೇ ಪುಸ್ತಕದಲ್ಲಿ ‘1000ದಿಂದ 2000 ಕೋಟಿ ವರ್ಷ’, ಹೊಸದರಲ್ಲಿ 1380 ಕೋಟಿ. ವಯಸ್ಸು 1380 ಕೋಟಿ ವರ್ಷ ಅಂದಮೇಲೆ ಅದೇ ಪುಸ್ತಕ ಕಾಣುವ ವಿಶ್ವದ ಅಗಲ 9300 ಕೋಟಿ ಜ್ಯೋತಿರ್ವರ್ಷ ಅನ್ನುತ್ತದೆ. ಇದು ಹೇಗೆ? ನಮ್ಮ ಆಫೀಸಿನವರು ‘ಇದೆಲ್ಲಾ ಊಹೆ, ಹೋಗಿ ನೋಡಿದವರು ಯಾರು’ ಅನ್ನುತ್ತಾರೆ. ಗಣಿತ ಗೊತ್ತಿಲ್ಲದವನು ಇಂಥದ್ದು ಓದುವುದೇ ದಂಡವಾ? ರಾತ್ರಿ ಮಲಗುವ ಮುಂಚೆ ಓದಿದರೆ ಒಂಥರಾ ಭಯವೂ ಆಗುತ್ತದೆ, ನಾವು ಏನೂ ಅಲ್ಲ ಅನ್ನಿಸಿಬಿಡುತ್ತದೆ. ಓದುವುದನ್ನು ಬಿಡಲಾ, ಮುಂದುವರಿಸಲಾ? ಮಗಳಿಗೆ ಟೆಲಿಸ್ಕೋಪ್ ಕೊಡಿಸಬಹುದಾ?

ಉತ್ತರ: ಬಿಡಬೇಡಿ. ಓದುವ ರೀತಿಯನ್ನು ಸ್ವಲ್ಪ ಬದಲಾಯಿಸಿಕೊಂಡರೆ ಸಾಕು.

ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆ ಇವೆ, ಆದರೆ ಅಡಿಯಲ್ಲಿರುವ ಅನುಮಾನ ಒಂದೇ. ತಪ್ಪು ನನ್ನ ತಲೆಯದ್ದಾ, ಪುಸ್ತಕದ್ದಾ? ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ, ಸಂಜೆ ಹೊತ್ತು ಆಸಕ್ತರ ಜೊತೆ ಕೂತು ಇಂಥ ಪುಸ್ತಕಗಳನ್ನು ಓದುತ್ತಾ ಬಂದವನು ನಾನು. ಇಂಜಿನಿಯರ್‌ಗಳು, ಮೇಷ್ಟ್ರುಗಳು, ಅಂಗಡಿ ನಡೆಸುವವರು, ಎಲ್ಲರ ಬಾಯಲ್ಲೂ ನಿಮ್ಮ ಮಾತನ್ನೇ ಕೇಳಿದ್ದೇನೆ. ಗಣಿತ ಬಲ್ಲವರಿಗೂ ಹೀಗೇ ಆಗುತ್ತದೆ. ಹಾಗಾಗಿ ಕಾರಣ ಬೇರೆ ಕಡೆ ಇದೆ.

ಜನಪ್ರಿಯ ವಿಜ್ಞಾನದ ಪುಸ್ತಕ ಓದುಗನನ್ನು ನಿಲ್ಲಿಸದೆ ಕರೆದುಕೊಂಡು ಹೋಗಬೇಕು. ಅದಕ್ಕಾಗಿ ಬರೆದವರು ಲೆಕ್ಕ ತೆಗೆಯುತ್ತಾರೆ, ಉಪಕರಣದ ವಿವರ ತೆಗೆಯುತ್ತಾರೆ, ‘ಇಷ್ಟು ಹೆಚ್ಚು ಕಡಿಮೆ’ ಅನ್ನುವ ಅಂಚನ್ನೂ ತೆಗೆಯುತ್ತಾರೆ. 1988ರಲ್ಲಿ ಬಂದ ಸ್ಟೀಫನ್ ಹಾಕಿಂಗ್ ಅವರ ಪ್ರಸಿದ್ಧ ಪುಸ್ತಕದಲ್ಲಿ ಇರುವುದು ಒಂದೇ ಒಂದು ಸಮೀಕರಣ. ಒಂದೊಂದು ಸಮೀಕರಣ ಸೇರಿಸಿದಾಗಲೂ ಮಾರಾಟ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರೋ ಎಚ್ಚರಿಸಿದ್ದನ್ನು ಅವರೇ ಅದರಲ್ಲಿ ಬರೆದುಕೊಂಡಿದ್ದಾರೆ. ಸಮೀಕರಣವನ್ನೇನೋ ತೆಗೆಯಬಹುದು. ಅದರ ಹಿಂದಿನ ವಿಷಯದ ಕಷ್ಟ ತೆಗೆಯಲು ಆಗುವುದಿಲ್ಲ. ಅದು ಸಲೀಸಾದ ವಾಕ್ಯಗಳ ಹಿಂದೆ ಅಡಗಿ ಕೂರುತ್ತದೆ. ವಾಕ್ಯ ಅರ್ಥವಾಯಿತು ಎಂಬ ಖುಷಿಯನ್ನೇ ವಿಷಯ ಅರ್ಥವಾಯಿತು ಎಂದುಕೊಂಡು ಪುಟ ತಿರುಗಿಸುತ್ತೇವೆ. ಮಗಳು ಎದುರಿಗೆ ಕೂತು ‘ಅದು ಹೇಗೆ ಗೊತ್ತಾಯ್ತು ಅಪ್ಪಾ?’ ಅಂದಾಗ ಹೇಳಲು ಏನೂ ಇರುವುದಿಲ್ಲ, ಯಾಕೆಂದರೆ ಆ ಭಾಗ ಪುಸ್ತಕದಲ್ಲೂ ಇರಲಿಲ್ಲ, ಅಥವಾ ಅದು ಇದ್ದ ಎರಡು ಪುಟಗಳನ್ನು ನಾವು ಬೇಗ ದಾಟಿಬಿಟ್ಟೆವು.

ನಾನು ಹೇಳುವುದು ಇಷ್ಟೇ. ‘ಏನು’ ಅನ್ನುವುದಕ್ಕಿಂತ ‘ಹೇಗೆ ಗೊತ್ತಾಯಿತು’ ಅನ್ನುವುದನ್ನು ಹುಡುಕಿಕೊಂಡು ಓದಿ. ನೀವೇ ಕೊಟ್ಟ ಆರ್ದ್ರಾ ಲೆಕ್ಕವನ್ನು ತೆಗೆದುಕೊಂಡು ತೋರಿಸುತ್ತೇನೆ.

ಒಂದು ನಕ್ಷತ್ರ, ನಾಲ್ಕು ದೂರ

ಆರಿದ್ರಾ ಮಳೆ ಗೊತ್ತಲ್ಲ? ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುತ್ತಾರೆ ನಮ್ಮ ರೈತರು. ಜೂನ್ 22ರ ಆಸುಪಾಸು ಸೂರ್ಯ ಆಕಾಶದಲ್ಲಿ ಈ ನಕ್ಷತ್ರದ ದಿಕ್ಕಿಗೆ ಬಂದಿರುತ್ತಾನೆ, ಆ ದಿನಗಳ ಮಳೆಗೆ ಅದೇ ಹೆಸರು. ಅಂದರೆ ಆರಿದ್ರಾ ಮಳೆಯ ಕಾಲದಲ್ಲಿ ಆರ್ದ್ರಾ ನಕ್ಷತ್ರ ಕಾಣುವುದಿಲ್ಲ, ಹಗಲಿನ ಬೆಳಕಲ್ಲಿ ಮುಚ್ಚಿಹೋಗಿರುತ್ತದೆ. ಡಿಸೆಂಬರ್ ಕೊನೆಗೆ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮೂರು ನಕ್ಷತ್ರ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅವುಗಳ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರ್ದ್ರಾ, ಇಂಗ್ಲಿಷ್ ಪುಸ್ತಕಗಳ ಬೀಟಲ್‌ಜೂಸ್. ಬಲಕ್ಕೆ ಅಷ್ಟೇ ದೂರದಲ್ಲಿ ನೀಲಿ ಬಿಳುಪಿನ ರೈಜೆಲ್.

ಈಗ ದೂರ ಅಳೆಯುವ ಬಗೆ. ಕೈ ಚಾಚಿ ಹೆಬ್ಬೆರಳು ನಿಲ್ಲಿಸಿ, ಒಮ್ಮೆ ಎಡಗಣ್ಣು ಮುಚ್ಚಿ ನೋಡಿ, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಹೆಬ್ಬೆರಳು ಜಿಗಿದಂತೆ ಕಾಣುತ್ತದೆ. ಬೆರಳನ್ನು ಮೂಗಿನ ಹತ್ತಿರ ತಂದರೆ ಜಿಗಿತ ಜಾಸ್ತಿ, ದೂರ ಒಯ್ದರೆ ಕಮ್ಮಿ. ಜಿಗಿತ ಎಷ್ಟು ಅಂತ ಅಳೆದರೆ ದೂರ ಸಿಕ್ಕಿತು. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ನಕ್ಷತ್ರಕ್ಕೂ ಇದೇ ವಿಧಾನ, ಆದರೆ ಎರಡು ಕಣ್ಣಿನ ನಡುವಿನ ಅಂತರ ಸಾಲದು. ಭೂಮಿ ಸೂರ್ಯನ ಈ ಕಡೆ ಇದ್ದಾಗ ಒಮ್ಮೆ, ಆರು ತಿಂಗಳು ಬಿಟ್ಟು ಆ ಕಡೆ ಇದ್ದಾಗ ಒಮ್ಮೆ ನೋಡಬೇಕು. ಅಷ್ಟರಲ್ಲಿ ನಾವು ಸುಮಾರು 30 ಕೋಟಿ ಕಿಲೋಮೀಟರ್ ಜಾಗ ಬದಲಿಸಿರುತ್ತೇವೆ. ಹಾಗಿದ್ದರೂ ಜಿಗಿತ ಎಷ್ಟು ಸಣ್ಣದೆಂದರೆ, 1838ರಲ್ಲಿ ಜರ್ಮನಿಯ ಬೆಸೆಲ್ ಮೊದಲ ಬಾರಿಗೆ ಒಂದು ನಕ್ಷತ್ರಕ್ಕೆ ಇದನ್ನು ಅಳೆದು ತೋರಿಸುವವರೆಗೂ ಯಾರ ಕೈಗೂ ಅದು ಸಿಕ್ಕಿರಲಿಲ್ಲ. ಆ ನಕ್ಷತ್ರ ಹನ್ನೊಂದು ಜ್ಯೋತಿರ್ವರ್ಷ ಮಾತ್ರ ದೂರದ್ದು, ನಮ್ಮ ನೆರೆಮನೆ ಇದ್ದಂತೆ.

ಆರ್ದ್ರಾದ ತೊಂದರೆ ಇನ್ನೂ ದೊಡ್ಡದು. ಒಂದು ಡಿಗ್ರಿಯನ್ನು 3600 ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಸಾವಿರ ಚೂರು ಮಾಡಿ. ಆರ್ದ್ರಾದ ಪ್ಯಾರಲಾಕ್ಸ್ ಅಂಥ ಐದಾರು ಚೂರು. ಆದರೆ ಈ ನಕ್ಷತ್ರ ಎಷ್ಟು ಉಬ್ಬಿದೆ ಅಂದರೆ ಅದರ ಬಿಲ್ಲೆಯ ಅಗಲವೇ ಅಂಥ ನಲವತ್ತಕ್ಕೂ ಹೆಚ್ಚು ಚೂರು. ಅಷ್ಟೇ ಅಲ್ಲ, ಅದರ ಮೈಮೇಲೆ ದೊಡ್ಡ ದೊಡ್ಡ ಪ್ರಕಾಶದ ಕಲೆಗಳು ಬರುತ್ತವೆ, ಹೋಗುತ್ತವೆ. ಹಾಗಾಗಿ ಬೆಳಕಿನ ನಡುಬಿಂದು ತಾನೇ ಅತ್ತಿತ್ತ ಸರಿಯುತ್ತದೆ. ಜಿಗಿದದ್ದು ನಕ್ಷತ್ರದ ಜಾಗವೋ, ಕಲೆಯೋ ಎಂದು ಬೇರ್ಪಡಿಸುವುದು ಬಹಳ ಕಷ್ಟ. ಹಿಪ್ಪಾರ್ಕಸ್ ಎಂಬ ಉಪಗ್ರಹದ ಅಳತೆ 1997ರಲ್ಲಿ ಪ್ರಕಟವಾದಾಗ ಸುಮಾರು 430 ಜ್ಯೋತಿರ್ವರ್ಷ ಬಂತು. ಅದಕ್ಕೆ ರೇಡಿಯೋ ದೂರದರ್ಶಕದ ಅಳತೆ ಸೇರಿಸಿ 2008ರಲ್ಲಿ ಲೆಕ್ಕ ಹಾಕಿದಾಗ ಸುಮಾರು 640. 2017ರಲ್ಲಿ 720ರ ಹತ್ತಿರ. 2020ರಲ್ಲಿ ನಕ್ಷತ್ರದ ಒಳಗಿನ ಮಿಡಿತವನ್ನು ಕಂಪ್ಯೂಟರ್ ಮಾದರಿಯ ಜೊತೆ ಹೋಲಿಸಿದ ಇನ್ನೊಂದು ತಂಡಕ್ಕೆ ಸುಮಾರು 550. ಪ್ರತಿ ಲೆಕ್ಕದ ಜೊತೆಗೂ ‘ಇಷ್ಟು ಹೆಚ್ಚು, ಇಷ್ಟು ಕಡಿಮೆ ಇರಬಹುದು’ ಎಂಬ ದೊಡ್ಡ ಅಂಚು ಇತ್ತು. ನಿಮ್ಮ ಪುಸ್ತಕಗಳು ಅಂಚನ್ನು ಬಿಟ್ಟು ನಡುವಿನ ಅಂಕಿಯನ್ನಷ್ಟೇ ಅಚ್ಚು ಹಾಕಿವೆ.

200 ಕೋಟಿಯಷ್ಟು ನಕ್ಷತ್ರಗಳನ್ನು ಅಳೆದ ಗಾಯಾ ಉಪಗ್ರಹ ಇದನ್ನು ಬಗೆಹರಿಸಬೇಕಿತ್ತಲ್ಲ ಎಂದು ಕೇಳಬಹುದು. ಆರ್ದ್ರಾ ಅದಕ್ಕೆ ಅತಿ ಹೊಳಪು, ಅದರ ಕಣ್ಣು ಕುಕ್ಕುತ್ತದೆ. ಬರಿಗಣ್ಣಿಗೆ ಇಷ್ಟು ಚೆನ್ನಾಗಿ ಕಾಣುವ ನಕ್ಷತ್ರದ ದೂರವೇ ಸರಿಯಾಗಿ ಗೊತ್ತಿಲ್ಲ, ಕಣ್ಣಿಗೆ ಕಾಣದ ಕೋಟಿಗಟ್ಟಲೆ ಮಂಕು ನಕ್ಷತ್ರಗಳದ್ದು ಚೆನ್ನಾಗಿ ಗೊತ್ತು. ನನಗೆ ಇದು ಇವತ್ತಿಗೂ ಬೆರಗಿನ ವಿಷಯ.

ಈಗ ಹೇಳಿ, ನಿಮ್ಮ ಎರಡು ಪುಸ್ತಕಗಳಲ್ಲಿ ಸುಳ್ಳು ಹೇಳಿದ್ದು ಯಾವುದು? ಯಾವುದೂ ಅಲ್ಲ. ಎರಡೂ ತಮ್ಮ ಕಾಲದ ಅಳತೆಯನ್ನು ಹೇಳಿವೆ. ಮತ್ತೆ, ಮಗಳಿಗೆ ಹೇಳಲು ನಿಮ್ಮ ಹತ್ತಿರ ಈಗ ಹೆಬ್ಬೆರಳೂ ಇದೆ, ಆರಿದ್ರಾ ಮಳೆಯೂ ಇದೆ.

ವಯಸ್ಸು ಯಾಕೆ ಬದಲಾಗುತ್ತಾ ಬಂತು

ವಿಶ್ವದ ವಯಸ್ಸಿನ ಕತೆಯೂ ಇಂಥದ್ದೇ, ಆದರೆ ಅಲ್ಲಿ ಜಗಳ ಜೋರು. ದೂರದ ಗೆಲಾಕ್ಸಿಗಳು ನಮ್ಮಿಂದ ಸರಿಯುತ್ತಿವೆ, ದೂರ ಇದ್ದಷ್ಟೂ ವೇಗ ಜಾಸ್ತಿ ಎಂದು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದರು. ವೇಗ ಮತ್ತು ದೂರ ಗೊತ್ತಿದ್ದರೆ ಎಷ್ಟು ಕಾಲದಿಂದ ಸರಿಯುತ್ತಿವೆ ಎಂದು ಅಂದಾಜು ಮಾಡಬಹುದು, ಅಲ್ವಾ? ಹಬಲ್ ಅಂಕಿಗಳಿಂದ ಬಂದ ಉತ್ತರ ಸುಮಾರು 200 ಕೋಟಿ ವರ್ಷ. ಅದೇ ಹೊತ್ತಿಗೆ ಭೂಮಿಯ ಕಲ್ಲುಗಳ ವಯಸ್ಸು ಅದಕ್ಕಿಂತ ಹೆಚ್ಚು ಬರತೊಡಗಿತ್ತು. ವಿಶ್ವಕ್ಕಿಂತ ಭೂಮಿಯೇ ಹಳೆಯದು! ಎಲ್ಲೋ ಲೆಕ್ಕ ತಪ್ಪಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗೆಲಾಕ್ಸಿಗಳ ದೂರವನ್ನು ಅಳೆಯಲು ಬಳಸುತ್ತಿದ್ದುದು ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳನ್ನು. ಅವು ನಿಧಾನ ಮಿಡಿದಷ್ಟೂ ನಿಜವಾದ ಪ್ರಕಾಶ ಜಾಸ್ತಿ ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲೇ ಕಂಡುಕೊಂಡಿದ್ದರು. ನಿಜವಾದ ಪ್ರಕಾಶ ಗೊತ್ತಾದರೆ, ಕಾಣುವ ಪ್ರಕಾಶದಿಂದ ದೂರ ಲೆಕ್ಕ ಹಾಕಬಹುದು. ಆದರೆ ಸೆಫೀಡ್‌ಗಳಲ್ಲಿ ಎರಡು ಜಾತಿ ಇವೆ, ಅವೆರಡನ್ನೂ ಒಂದೇ ಎಂದುಕೊಂಡಿದ್ದೇವೆ ಎಂದು ವಾಲ್ಟರ್ ಬಾಡ 1952ರಲ್ಲಿ ಹೇಳಿದರು. ಒಂದೇ ಏಟಿಗೆ ಗೆಲಾಕ್ಸಿಗಳ ದೂರ ಇಮ್ಮಡಿಯಾಯಿತು, ವಿಶ್ವದ ವಯಸ್ಸೂ ಅಷ್ಟೇ. ಅಲ್ಲಿಂದ ಮುಂದೆ 1970-80ರ ದಶಕಗಳಲ್ಲಿ ಎರಡು ಬಣ. ವಿಶ್ವ ಹಿಗ್ಗುವ ವೇಗದ ಅಂಕಿ (ದೂರ ಸುಮಾರು 33 ಲಕ್ಷ ಜ್ಯೋತಿರ್ವರ್ಷ ಹೆಚ್ಚಿದಂತೆಲ್ಲ ಸರಿಯುವ ವೇಗ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಹೆಚ್ಚುತ್ತದೆ ಎಂಬುದು) 50 ಎಂದು ಒಂದು ಬಣ, 100 ಎಂದು ಇನ್ನೊಂದು. ನಿಮ್ಮ ಹಳೇ ಪುಸ್ತಕದ ‘1000ದಿಂದ 2000 ಕೋಟಿ’ ಬಂದಿದ್ದು ಈ ಜಗಳದಿಂದ. ಆ ಲೇಖಕರು ಪ್ರಾಮಾಣಿಕವಾಗಿಯೇ ಬರೆದಿದ್ದಾರೆ.

ಹಬಲ್ ದೂರದರ್ಶಕದ ಅಳತೆಗಳು ಆ ಅಂಕಿಯನ್ನು 70ರ ಆಸುಪಾಸಿಗೆ ತಂದವು. ಆಮೇಲೆ ವಿಶ್ವದ ಹಳೆಯ ಬೆಳಕನ್ನೇ ಅಳೆದ ಉಪಗ್ರಹಗಳು ಬಂದವು. 2003ರಲ್ಲಿ 1370 ಕೋಟಿ, 2013ರಲ್ಲಿ ಪ್ಲಾಂಕ್ ಉಪಗ್ರಹದಿಂದ 1380 ಕೋಟಿ. ಹತ್ತಿರದ ಗೆಲಾಕ್ಸಿಗಳಿಂದ ಲೆಕ್ಕ ಹಾಕಿದರೆ ಹಿಗ್ಗುವ ಅಂಕಿ ಸುಮಾರು 73, ಹಳೆಯ ಬೆಳಕಿನಿಂದ ಲೆಕ್ಕ ಹಾಕಿದರೆ ಸುಮಾರು 67. ಈ ತಕರಾರು ಇನ್ನೂ ತೀರಿಲ್ಲ. ಆದರೆ ಜಗಳದ ಗಾತ್ರ ನೋಡಿ. ಒಂದು ಕಾಲದಲ್ಲಿ ಇಮ್ಮಡಿಯಷ್ಟು ಅಂತರ ಇತ್ತು, ಈಗ ನೂರಕ್ಕೆ ಎಂಟು-ಒಂಬತ್ತು. ಲೆಕ್ಕ ಬರೆಯುವ ನಿಮಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ.

ಇದರಿಂದ ಒಂದು ಉಪಯೋಗದ ಅಭ್ಯಾಸ ಹುಟ್ಟುತ್ತದೆ. ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಮುದ್ರಣದ ವರ್ಷ ನೋಡಿ. ಮರುಮುದ್ರಣದ್ದಲ್ಲ, ಮೊದಲನೆಯದ್ದು. ಅನುವಾದವಾದರೆ ಮೂಲದ ವರ್ಷ. 1965ಕ್ಕಿಂತ ಹಿಂದಿನದಾದರೆ, ವಿಶ್ವಕ್ಕೆ ಹುಟ್ಟೇ ಇಲ್ಲ, ಅದು ಸದಾ ಹೀಗೇ ಇದೆ ಎಂಬ ಸ್ಥಿರಸ್ಥಿತಿ ವಾದಕ್ಕೂ ಸಮಾನ ಗೌರವ ಇರುತ್ತದೆ. ಆ ವರ್ಷ ಪೆಂಜಿಯಾಸ್ ಮತ್ತು ವಿಲ್ಸನ್, ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಮಂದವಾದ ರೇಡಿಯೋ ಬೆಳಕನ್ನು ಕಂಡ ಸುದ್ದಿ ಪ್ರಕಟಿಸಿದರು. ಸ್ಥಿರಸ್ಥಿತಿ ವಾದ ಅಲ್ಲಿಂದ ಸೊರಗಿತು. 1998ಕ್ಕಿಂತ ಹಿಂದಿನ ಪುಸ್ತಕದಲ್ಲಿ ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿದೆ ಎಂದೇ ಇರುತ್ತದೆ. ಆ ವರ್ಷ ಅದು ವೇಗ ಪಡೆಯುತ್ತಿದೆ ಎಂದು ಗೊತ್ತಾಯಿತು. 2006ಕ್ಕೆ ಮುಂಚಿನದರಲ್ಲಿ ಪ್ಲೂಟೊ ಗ್ರಹ. 2015ಕ್ಕೆ ಮುಂಚಿನದರಲ್ಲಿ ಗುರುತ್ವ ಅಲೆಗಳು, ಅಂದರೆ ಭಾರಿ ಕಾಯಗಳ ಚಲನೆಯಿಂದ ಜಾಗದಲ್ಲೇ ಏಳುವ ಕಂಪನಗಳು, ‘ಇನ್ನೂ ಸಿಕ್ಕಿಲ್ಲ’.

ಆ 9300 ಕೋಟಿ

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಗೊಂದಲ ಶುರುವಾಗುವುದು, ವಿಶ್ವದ ಹುಟ್ಟಿಗೆ ಇಟ್ಟ ‘ಮಹಾಸ್ಫೋಟ’ (ಬಿಗ್ ಬ್ಯಾಂಗ್) ಅನ್ನುವ ಹೆಸರು ಮನಸ್ಸಿನಲ್ಲಿ ಮೂಡಿಸುವ ಚಿತ್ರದಿಂದ. ಖಾಲಿ ಜಾಗದ ಮಧ್ಯೆ ಒಂದು ಬಾಂಬು, ಚೂರುಗಳು ಹೊರಕ್ಕೆ ಹಾರುತ್ತಿವೆ, ಬೆಳಕಿಗಿಂತ ವೇಗವಾಗಿ ಯಾವುದೂ ಹಾರಲಾಗದು, ಹಾಗಾಗಿ 1380 ಕೋಟಿ ವರ್ಷದಲ್ಲಿ ಜಾಸ್ತಿ ಎಂದರೆ ಆ ಕಡೆ 1380, ಈ ಕಡೆ 1380 ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಮಹಾಸ್ಫೋಟ ಒಂದು ಜಾಗದಲ್ಲಿ ನಡೆದದ್ದಲ್ಲ. ಜಾಗವೇ ಎಲ್ಲ ಕಡೆ ಹಿಗ್ಗುತ್ತಿರುವುದು. ಪುಸ್ತಕಗಳು ಇದಕ್ಕೆ ಚುಕ್ಕಿ ಇಟ್ಟ ಬಲೂನು ಊದುವ ಹೋಲಿಕೆ ಕೊಡುತ್ತವೆ. ಹೋಲಿಕೆ ಒಳ್ಳೆಯದೇ, ಆದರೆ ಬಲೂನಿನ ರಬ್ಬರ್ ಮಾತ್ರ ಲೆಕ್ಕಕ್ಕೆ, ಒಳಗಿನ ಗಾಳಿ, ಹೊರಗಿನ ಕೋಣೆ ಲೆಕ್ಕಕ್ಕಿಲ್ಲ ಎಂಬುದನ್ನು ಹೇಳಲು ಬಹಳ ಜನ ಮರೆಯುತ್ತಾರೆ. ಹೇಳದಿದ್ದರೆ ‘ನಡುವೆ ಏನಿದೆ, ಹೊರಗೆ ಏನಿದೆ’ ಎಂಬ ಹೊಸ ಗೊಂದಲ ಶುರು.

ಅಂಕಿಯಲ್ಲೇ ನೋಡೋಣ. ನಮಗೆ ಸಿಗುತ್ತಿರುವ ಅತಿ ಹಳೆಯ ಬೆಳಕು, ಪೆಂಜಿಯಾಸ್ ಮತ್ತು ವಿಲ್ಸನ್‌ಗೆ ಸಿಕ್ಕಿದ್ದು, ಹೊರಟಾಗ ಅದನ್ನು ಹೊರಡಿಸಿದ ಬಿಸಿ ಅನಿಲ ನಮ್ಮ ಜಾಗದಿಂದ ಬರೀ 4 ಕೋಟಿ ಜ್ಯೋತಿರ್ವರ್ಷದಷ್ಟು ದೂರವಿತ್ತು. ಬೆಳಕು ನಮ್ಮ ಕಡೆ ಬರುತ್ತಿದ್ದಂತೆ ಮುಂದಿನ ದಾರಿಯೂ ಉದ್ದವಾಗುತ್ತಾ ಹೋಯಿತು. ಹಿಂದೆ ಬಿಟ್ಟ ದಾರಿಯೂ ಉದ್ದವಾಯಿತು. ಅದು ಬಂದು ಮುಟ್ಟಲು 1380 ಕೋಟಿ ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಅನಿಲವಿದ್ದ ಜಾಗ ಸುಮಾರು 4600 ಕೋಟಿ ಜ್ಯೋತಿರ್ವರ್ಷ ದೂರ ಹೋಗಿದೆ. ಆ ಕಡೆ ಅಷ್ಟು, ಈ ಕಡೆ ಅಷ್ಟು, ಸೇರಿದರೆ ನಿಮ್ಮ 9300 ಕೋಟಿಯ ಹತ್ತಿರ. ಇದು ಕಾಣುವ ವಿಶ್ವದ ಅಗಲ ಮಾತ್ರ. ಅದರಾಚೆ ಇನ್ನೆಷ್ಟಿದೆ ಎಂದು ಅಳೆದವರಿಲ್ಲ.

ಆಫೀಸಿನವರ ಮಾತು

‘ಹೋಗಿ ನೋಡಿದವರು ಯಾರು’ ಅನ್ನುವ ಪ್ರಶ್ನೆ ಕೆಟ್ಟದ್ದೇನಲ್ಲ. ಆದರೆ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಊಹೆ ಅನ್ನುವುದು ತಪ್ಪು. ಪುಸ್ತಕದಲ್ಲಿ ಬರೆದದ್ದೆಲ್ಲ ಒಂದೇ ಸಮನಾಗಿ ಖಚಿತ ಎಂದುಕೊಳ್ಳುವುದೂ ಅಷ್ಟೇ ತಪ್ಪು. ನನ್ನ ಜೊತೆ ಓದುವವರಿಗೆ ಪೆನ್ಸಿಲ್ ಹಿಡಿದು ಅಂಚಿನಲ್ಲಿ ಗುರುತು ಹಾಕಲು ಹೇಳುತ್ತೇನೆ. ಅಳೆದದ್ದಕ್ಕೆ ‘ಅ’, ಅಳತೆಯಿಂದ ತರ್ಕ ಮಾಡಿ ತಲುಪಿದ್ದಕ್ಕೆ ‘ತ’, ಊಹೆಗೆ ‘ಊ’.

ಗೆಲಾಕ್ಸಿಗಳ ಹೊರ ಅಂಚು ನಿರೀಕ್ಷೆಗಿಂತ ವೇಗವಾಗಿ ಸುತ್ತುತ್ತದೆ ಎನ್ನುವುದು ‘ಅ’. ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ಇದನ್ನು ಅಳೆದು 1970ರಲ್ಲಿ ಪ್ರಕಟಿಸಿದರು. ಹಾಗಾಗಿ ಕಣ್ಣಿಗೆ ಕಾಣದ ದ್ರವ್ಯ ಇರಬೇಕು ಎನ್ನುವುದು ‘ತ’. ಅದಕ್ಕೆ ಬೇರೆ ಬೇರೆ ದಿಕ್ಕಿನಿಂದ ಬೆಂಬಲವಿದೆ, ತುಂಬಾ ಗಟ್ಟಿಯಾದ ‘ತ’ ಅದು. ಆ ದ್ರವ್ಯ ಇಂಥದೇ ಕಣದಿಂದ ಆಗಿದೆ ಎಂದು ಪುಸ್ತಕ ಹೇಳಿದರೆ ಅದು ‘ಊ’, ಯಾಕೆಂದರೆ ಆ ಕಣ ಇನ್ನೂ ಯಾರಿಗೂ ಸಿಕ್ಕಿಲ್ಲ. ನಮ್ಮಂಥ ಅನೇಕ ವಿಶ್ವಗಳಿವೆ, ವಿಶ್ವದ ಎರಡು ಜಾಗಗಳನ್ನು ಕೂಡಿಸುವ ಹುಳುಬಿಲ ಎಂಬ ಸುರಂಗಗಳ ಮೂಲಕ ಹಾದುಹೋಗಬಹುದು, ಮಹಾಸ್ಫೋಟಕ್ಕೆ ಮುಂಚೆ ಹೀಗಿತ್ತು ಎನ್ನುವ ಅಧ್ಯಾಯಗಳಿಗೆ ದೊಡ್ಡ ‘ಊ’ ಹಾಕಿ ಓದಿ. ಓದಬೇಡಿ ಅನ್ನುತ್ತಿಲ್ಲ. ಸಂತೋಷವಾಗಿ ಓದಿ, ಗುರುತು ಮಾತ್ರ ಹಾಕಿ.

ಗುರುತು ಬದಲಾಗುತ್ತದೆ ಅನ್ನುವುದಕ್ಕೆ ನಮ್ಮವರದ್ದೇ ಉದಾಹರಣೆ ಇದೆ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಮುಂದೆ ಅಲ್ಲಿನ ಜವಾಹರಲಾಲ್ ನೆಹರು ತಾರಾಲಯದ ಮೊದಲ ನಿರ್ದೇಶಕರಾದವರು, ಕಪ್ಪುಕುಳಿಯನ್ನು (ಬೆಳಕೂ ಹೊರಬರಲಾಗದಷ್ಟು ಗುರುತ್ವ ಇರುವ ಕಾಯ) ಕೆಣಕಿದರೆ ಅದು ಗುರುತ್ವ ಅಲೆಗಳಲ್ಲಿ ಕಂಪಿಸಿ, ಆ ಕಂಪನ ಬೇಗ ಅಡಗುತ್ತದೆ ಎಂದು 1970ರಲ್ಲಿ ಲೆಕ್ಕದಲ್ಲಿ ತೋರಿಸಿದ್ದರು. ಆಗ ಕಪ್ಪುಕುಳಿ ಇದೆಯೋ ಇಲ್ಲವೋ ಎಂಬುದೇ ಚರ್ಚೆಯ ವಿಷಯ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳಿಗೆ, ಎರಡು ಕಪ್ಪುಕುಳಿಗಳು ಕೂಡಿಕೊಂಡಾಗ ಎದ್ದ ಅಲೆ ಸಿಕ್ಕಿತು. ಸೆಕೆಂಡಿನ ಒಂದು ಸಣ್ಣ ಭಾಗ ಮಾತ್ರ ಇದ್ದ ಆ ಸಂಕೇತದ ಕೊನೆಯಲ್ಲಿ, ಲೆಕ್ಕ ಹೇಳಿದ್ದ ಹಾಗೇ ಅಡಗುವ ಕಂಪನ ಇತ್ತು. ನಲವತ್ತೈದು ವರ್ಷದ ‘ತ’ ಅವತ್ತು ‘ಅ’ ಆಯಿತು. ವಿಶ್ವೇಶ್ವರ ಅವರು ಬದುಕಿದ್ದಾಗಲೇ ಇದು ಆಯಿತು, 2017ರಲ್ಲಿ ಅವರು ತೀರಿಕೊಂಡರು. ನಿಮ್ಮ ಆಫೀಸಿನವರಿಗೆ ಇದನ್ನು ಹೇಳಿ.

ತಲೆಬರಹಗಳ ಬಗ್ಗೆಯೂ ಒಂದು ಮಾತು. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಂದಾಗ ‘ಮಹಾಸ್ಫೋಟ ಸುಳ್ಳು’ ಎಂಬ ಸುದ್ದಿ ಎಲ್ಲ ಕಡೆ ಓಡಾಡಿತು. ನಿಜಕ್ಕೂ ಕಂಡಿದ್ದು, ಮೊದಮೊದಲ ಗೆಲಾಕ್ಸಿಗಳು ಅಂದುಕೊಂಡಿದ್ದಕ್ಕಿಂತ ಹೆಚ್ಚು ಪ್ರಕಾಶವಾಗಿವೆ ಎಂಬುದು. ಗೆಲಾಕ್ಸಿ ಹೇಗೆ ಬೆಳೆಯುತ್ತದೆ ಎಂಬ ಲೆಕ್ಕವನ್ನು ತಿದ್ದಬೇಕಾಗಿ ಬಂದಿದೆ. ವಿಶ್ವ ಹಿಗ್ಗುತ್ತಿದೆ ಎಂಬ ಲೆಕ್ಕವನ್ನಲ್ಲ.

ಗಣಿತ ಎಷ್ಟು ಬೇಕು?

ಓದಲು ಬೇಕಾದಷ್ಟು ನಿಮ್ಮಲ್ಲಿದೆ. ಗುಣಾಕಾರ, ಭಾಗಾಕಾರ, ಶೇಕಡಾ, ಸೊನ್ನೆ ಎಣಿಸುವ ತಾಳ್ಮೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ವರ್ಷಕ್ಕೆ ಸುಮಾರು 3.15 ಕೋಟಿ ಸೆಕೆಂಡು. ಗುಣಿಸಿ ನೋಡಿ, ಒಂದು ಜ್ಯೋತಿರ್ವರ್ಷ ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್. ನಿಮ್ಮ ಕ್ಯಾಲ್ಕುಲೇಟರಿಗೆ ಇದು ಒಂದು ನಿಮಿಷದ ಕೆಲಸ. ಸುಮ್ನೆ ಓದಿದ ಅಂಕಿ ಮರೆತುಹೋಗುತ್ತದೆ, ಕೈಯಾರೆ ಮಾಡಿದ ಲೆಕ್ಕ ಮರೆಯುವುದಿಲ್ಲ.

ಇನ್ನೊಂದು ಕಾರಣಕ್ಕೂ ಕ್ಯಾಲ್ಕುಲೇಟರ್ ಹತ್ತಿರ ಇರಲಿ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಮಿಲಿಯನ್, ಬಿಲಿಯನ್‌ಗಳು ಲಕ್ಷ, ಕೋಟಿ ಆಗಬೇಕು. ಅಲ್ಲಿ ಸೊನ್ನೆ ತಪ್ಪುವುದು ಬಹಳ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ. ಆಂಡ್ರೊಮಿಡಾ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರ. ಪುಸ್ತಕದಲ್ಲಿ ಎರಡೂವರೆ ಲಕ್ಷ ಎಂದೋ ಎರಡೂವರೆ ಕೋಟಿ ಎಂದೋ ಕಂಡರೆ ತಪ್ಪು ನಿಮ್ಮದಲ್ಲ.

ಸಂಶೋಧನೆ ಮಾಡಬೇಕಾದರೆ ಗಣಿತ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪುಸ್ತಕ ಓದಿ ಹೊಸ ಸಿದ್ಧಾಂತ ಬರೆದು ಕಳಿಸುವವರ ಪತ್ರಗಳು ನನಗೆ ಬರುತ್ತವೆ. ಅವರ ಉತ್ಸಾಹ ದೊಡ್ಡದು, ಆದರೆ ಹೋಲಿಕೆಗಳ ಮೇಲೆ ಕಟ್ಟಿದ ಸಿದ್ಧಾಂತ ನಿಲ್ಲುವುದಿಲ್ಲ.

ಹಾಗಾದರೆ ಮುಂದೆ ಹೇಗೆ

ಹೊಸ ಹೊಸ ಪುಸ್ತಕ ಕೊಳ್ಳುತ್ತಾ ಹೋಗುವುದು ಒಂದು ದಾರಿ, ನೀವು ಈಗ ಮಾಡುತ್ತಿರುವುದು. ಅಪಾಯ ಏನೆಂದರೆ ಹತ್ತು ಪುಸ್ತಕದ ಮೊದಲ ಮೂರು ಅಧ್ಯಾಯ ಒಂದೇ ಆಗಿರುತ್ತವೆ, ಅವು ಬಾಯಿಪಾಠ ಆಗುತ್ತವೆ, ಉಳಿದದ್ದು ಅರ್ಧಕ್ಕೇ ನಿಲ್ಲುತ್ತದೆ. ಒಂದೇ ಪುಸ್ತಕವನ್ನು ಎರಡು ಸಲ ಓದುವುದು ನನಗೆ ಹೆಚ್ಚು ಒಪ್ಪಿಗೆ. ಎರಡನೇ ಸಲ ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಅದರಲ್ಲಿ ಏನನ್ನು ಅಳೆದರು, ಯಾವುದರಿಂದ ಅಳೆದರು ಎಂದು ಐದು ಸಾಲು ಬರೆಯಿರಿ. ಬರೆಯಲು ಆಗದ ಜಾಗವೇ ಅರ್ಥವಾಗದ ಜಾಗ. ಇದರ ತೊಂದರೆ, ಓದು ನಿಧಾನವಾಗುತ್ತದೆ, ಬೇಜಾರೂ ಬರಬಹುದು.

ಪುಸ್ತಕ ಆರಿಸುವಾಗ ವಿಶ್ವದ ಒಟ್ಟು ಕತೆ ಹೇಳುವುದಕ್ಕಿಂತ ಒಂದು ಶೋಧದ ಕತೆ ಹೇಳುವುದನ್ನು ಆರಿಸಿ. ದೂರ ಹೇಗೆ ಅಳೆದರು, ಗುರುತ್ವ ಅಲೆಯನ್ನು ಹೇಗೆ ಹಿಡಿದರು, ಇಂಥವು. ಅವುಗಳಲ್ಲಿ ‘ಹೇಗೆ ಗೊತ್ತಾಯಿತು’ ಎಂಬುದು ತಾನಾಗಿಯೇ ಇರುತ್ತದೆ. ವ್ಯಕ್ತಿಪೂಜೆ ಸ್ವಲ್ಪ ಜಾಸ್ತಿ ಇರುತ್ತದೆ, ಅದನ್ನು ಸೋಸಿಕೊಳ್ಳಿ.

ಹಳೇ ಕನ್ನಡ ಪುಸ್ತಕಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಶಿವರಾಮ ಕಾರಂತರು ಒಬ್ಬರೇ ಕೂತು ವಿಜ್ಞಾನದ ಸಂಪುಟಗಳನ್ನು ಬರೆದ ಭಾಷೆ ನಮ್ಮದು. ಜಿ.ಟಿ. ನಾರಾಯಣ ರಾವ್ ಅವರ ಪುಸ್ತಕಗಳನ್ನು ಹಿಡಿದು ನಕ್ಷತ್ರ ಗುರುತಿಸಲು ಕಲಿತವರು ಎಷ್ಟೋ ಜನ. ನಕ್ಷತ್ರ ಗುರುತಿಸುವ ಭಾಗ ಐವತ್ತು ವರ್ಷವಾದರೂ ಹಳತಾಗುವುದಿಲ್ಲ. ವಿಶ್ವದ ವಯಸ್ಸು, ಗ್ರಹಗಳ ಉಪಗ್ರಹಗಳ ಎಣಿಕೆ, ಬೇರೆ ಸೂರ್ಯರ ಗ್ರಹಗಳು, ಇವು ಮಾತ್ರ ಹಳತಾಗುತ್ತವೆ. ಸೂರ್ಯನಂಥ ಇನ್ನೊಂದು ನಕ್ಷತ್ರದ ಸುತ್ತ ಗ್ರಹ ಸಿಕ್ಕಿದ್ದೇ 1995ರಲ್ಲಿ. ಈಗ ಅಂಥ ಗ್ರಹಗಳು ಐದು ಸಾವಿರ ದಾಟಿವೆ.

ವಿಡಿಯೊಗಳ ಬಗ್ಗೆ ನೀವು ಕೇಳಿಲ್ಲ. ಚಲನೆ ತೋರಿಸಲು ಅವು ಪುಸ್ತಕಕ್ಕಿಂತ ಮೇಲು. ಆದರೆ ಕಲಾವಿದ ಬರೆದ ಚಿತ್ರ ಯಾವುದು, ದೂರದರ್ಶಕದ ಚಿತ್ರ ಯಾವುದು ಎಂದು ಹೇಳದ ವಿಡಿಯೊ ನೋಡಬೇಡಿ.

ಭಯದ ವಿಷಯ. ಇದು ನಿಮಗೊಬ್ಬರಿಗೇ ಅಲ್ಲ, ಬಹಳ ಜನ ಮೆಲ್ಲಗೆ ಬಂದು ಹೇಳಿಕೊಳ್ಳುತ್ತಾರೆ. ಸೂರ್ಯ ಉಬ್ಬಿ ಸಾಯುವ ಅಧ್ಯಾಯ, ವಿಶ್ವ ತಣ್ಣಗಾಗುವ ಅಧ್ಯಾಯ ಇವನ್ನು ಮಲಗುವ ಮುಂಚೆ ಓದಬೇಡಿ, ಭಾನುವಾರ ಬೆಳಿಗ್ಗೆ ಓದಿ. ಮತ್ತೆ ಆ ಪುಟದ ಕಾಲದ ಅಂಕಿಗೆ ಗೆರೆ ಎಳೆಯಿರಿ. ಸೂರ್ಯನಿಗೆ ಇನ್ನೂ ಸುಮಾರು 500 ಕೋಟಿ ವರ್ಷ ಇದೆ. 2019ರ ಕೊನೆಯಲ್ಲಿ ಆರ್ದ್ರಾ ಮಂಕಾದಾಗ ‘ಈಗಲೇ ಸಿಡಿಯುತ್ತದೆ’ ಎಂದು ಸುದ್ದಿಯಾಗಿತ್ತು. ಆಮೇಲೆ ಅದು ನಕ್ಷತ್ರ ತಾನೇ ಉಗುಳಿದ ಧೂಳು ಅಡ್ಡ ಬಂದದ್ದು ಎಂದು ಗೊತ್ತಾಯಿತು. ಒಂದು ದಿನ ಅದು ಸಿಡಿಯುವುದು ಹೌದು. ಸದ್ಯದ ಅಂದಾಜು ಮುಂದಿನ ಲಕ್ಷ ವರ್ಷದ ಒಳಗೆ. ಅಷ್ಟು ದೂರದಿಂದ ನಮಗೆ ಹಾನಿ ಇಲ್ಲ, ಹಗಲಲ್ಲೂ ಕಾಣುವ ಒಂದು ಚುಕ್ಕಿಯಾಗುತ್ತದೆ ಅಷ್ಟೇ. ‘ನಾವು ಏನೂ ಅಲ್ಲ’ ಅನ್ನುವುದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಅಳತೆಯ ಕತೆ ಓದತೊಡಗಿದವರಿಗೆ ಆ ಭಾವನೆ ಕಡಿಮೆಯಾಗಿದ್ದನ್ನು ಮಾತ್ರ ಕಂಡಿದ್ದೇನೆ. ಪುಸ್ತಕ ಪಕ್ಕಕ್ಕಿಟ್ಟ ಮೇಲೂ ನಿದ್ದೆ ಬಾರದೆ, ಹಗಲಲ್ಲೂ ಅದೇ ಕಾಡುತ್ತಿದ್ದರೆ ಅದು ಪುಸ್ತಕದ ವಿಷಯ ಅಲ್ಲ, ಸಂಕೋಚಪಡದೆ ವೈದ್ಯರನ್ನು ನೋಡಿ.

ಕೊನೆಗೆ ಟೆಲಿಸ್ಕೋಪ್. ಈಗಲೇ ಬೇಡ. ಕಡಿಮೆ ಬೆಲೆಯ ಟೆಲಿಸ್ಕೋಪಿನ ಸ್ಟ್ಯಾಂಡ್ ಅಲುಗಾಡುತ್ತದೆ, ನೋಡಬೇಕಾದ್ದು ಸಿಗುವುದಿಲ್ಲ, ಎರಡು ವಾರದಲ್ಲಿ ಅಟ್ಟ ಸೇರುತ್ತದೆ. ಮೊದಲು ಮೂರು ತಿಂಗಳು ಬರಿಗಣ್ಣಲ್ಲಿ ಕೃತ್ತಿಕೆ, ರೋಹಿಣಿ, ಆರ್ದ್ರಾ, ಲುಬ್ಧಕ ಗುರುತಿಸುವುದನ್ನು ಇಬ್ಬರೂ ಕಲಿಯಿರಿ. ಹಾವೇರಿಯ ಕಡೆ ಹಳ್ಳಿಯ ಆಕಾಶ ಬೆಂಗಳೂರಿನದಕ್ಕಿಂತ ಎಷ್ಟೋ ಪಾಲು ಕಪ್ಪು, ಅದು ನಿಮ್ಮ ಪುಣ್ಯ. ಆಮೇಲೆ 10×50 ಅಳತೆಯ (ಹತ್ತು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 50 ಮಿಲಿಮೀಟರ್ ಅಗಲದ) ಒಂದು ಬೈನಾಕ್ಯುಲರ್ ಕೊಡಿಸಿ. ಚಂದ್ರನ ಕುಳಿಗಳು ಕಾಣುತ್ತವೆ. ಕೈ ಅಲುಗದಂತೆ ಗೋಡೆಗೆ ಒರಗಿ ಹಿಡಿದರೆ ಗುರುವಿನ ನಾಲ್ಕು ಚಂದ್ರರೂ ಕಾಣುತ್ತವೆ. ನವೆಂಬರ್ ರಾತ್ರಿ ಆಂಡ್ರೊಮಿಡಾ ಒಂದು ಮಸುಕು ಮಚ್ಚೆಯ ಹಾಗೆ ಸಿಗುತ್ತದೆ. ಕೊಡುವ ದಿನವೇ ಮಗಳಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ. ಅದನ್ನು ಸೂರ್ಯನ ಕಡೆ ಒಂದು ಕ್ಷಣವೂ ತಿರುಗಿಸಬಾರದು. ಬೈನಾಕ್ಯುಲರಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಶಾಶ್ವತವಾಗಿ ಹೋಗಬಹುದು, ಹೋಗುವಾಗ ನೋವೂ ಆಗುವುದಿಲ್ಲ.